ಇಟ್ಟದ್ದು, ಬಿಟ್ಟದ್ದು

ನಮ್ಮ ಬಾಲ್ಕನಿಯ ಮೂಲೆಯಲ್ಲಿ ಒಂದು ಮರದ ಗೂಡು ನೇತಾಡುತ್ತಿದೆ. ಇಳಿಜಾರು ಸೂರು, ಮುಂದೆ ದುಂಡನೆಯ ಬಾಗಿಲು, ಬಾಗಿಲ ಕೆಳಗೆ ಕೂರಲೊಂದು ಕಡ್ಡಿ. ನೋಡಲು ಚೆಂದ. ಆರು ವರ್ಷದಿಂದ ಅದರೊಳಗೆ ಯಾರೂ ಸಂಸಾರ ಹೂಡಿಲ್ಲ. ಒಮ್ಮೆ ಇರುವೆಗಳು ಬಂದು ಬಿಡಾರ ಹಾಕಿದ್ದವು, ಅವಕ್ಕೂ ಅದೇನು ಹಿಡಿಸಲಿಲ್ಲವೋ, ವಾರದೊಳಗೆ ಸಾಲಾಗಿ ಹೊರಟುಹೋದವು. ಅಮ್ಮ ಅದಕ್ಕೆ ‘ಖಾಲಿ ಬಂಗಲೆ’ ಅಂತ ಹೆಸರಿಟ್ಟಿದ್ದಾಳೆ.

ಮೂರನೇ ಮಹಡಿ. ಹದಿನಾರು ಅಡಿ ಉದ್ದ, ನಾಲ್ಕಡಿ ಅಗಲ. ಬೆಳಗಿನ ಬಿಸಿಲು ಹನ್ನೊಂದರವರೆಗೆ, ಆಮೇಲೆ ಎದುರು ಕಟ್ಟಡದ ನೆರಳು. ಇಷ್ಟರಲ್ಲೇ ಹಕ್ಕಿ, ಚಿಟ್ಟೆ, ಜೇನು ಬಂದು ಹೋಗುವಂಥ ತೋಟ ಮಾಡಬೇಕು ಎಂದು ಹೊರಟಾಗ ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಸಾಮಾನು ತಂದೆ. ಆ ಗೂಡು, ಕಾಳು ತುಂಬುವ ಫೀಡರ್, ಬಿದಿರಿನ ತುಂಡುಗಳನ್ನು ಒತ್ತೊತ್ತಾಗಿ ಅಂಟಿಸಿದ ‘ಬೀ ಹೋಟೆಲ್’, ಚಿಟ್ಟೆ ಮಲಗಲೆಂದು ಉದ್ದುದ್ದ ಸೀಳು ಬಿಟ್ಟ ಬಣ್ಣದ ಡಬ್ಬ. ಚಿಟ್ಟೆ ರಾತ್ರಿ ಎಲೆಯಡಿಯಲ್ಲೋ ಹುಲ್ಲಿನ ಕಡ್ಡಿಯ ಮೇಲೋ ಮಲಗುತ್ತದೆ, ಡಬ್ಬಕ್ಕೆ ನುಗ್ಗುವುದಿಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ. ಡಬ್ಬ ಮಾಡಿದವರಿಗೂ ಗೊತ್ತಿದ್ದಂತಿಲ್ಲ. ಅದರಲ್ಲೀಗ ಜೇಡವೊಂದು ಸುಖವಾಗಿದೆ.

ಗೂಡಿನ ಕಥೆಯೂ ಅಷ್ಟೇ. ಪೊಟರೆಯಲ್ಲಿ ಮೊಟ್ಟೆಯಿಡುವ ಹಕ್ಕಿಗಳು ಕೆಲವೇ ಕೆಲವು. ಸೂರಕ್ಕಿ, ಪಿಕಳಾರ, ಎಲೆ ಹೊಲಿದು ಗೂಡು ಮಾಡುವ ಟುವ್ವಿ, ಇವೆಲ್ಲ ತಮ್ಮ ಮನೆ ತಾವೇ ಕಟ್ಟಿಕೊಳ್ಳುವವು. ಪೊಟರೆ ಬೇಕಾದ ಹಕ್ಕಿಗೂ ಬಾಗಿಲ ಕೆಳಗಿನ ಕಡ್ಡಿಯ ಅಗತ್ಯವಿಲ್ಲ, ಅದು ಕಾಲೂರಿ ನೇರ ಒಳಗೆ ಹೋಗುತ್ತದೆ. ಕಡ್ಡಿಯಿಂದ ಅನುಕೂಲ ಯಾರಿಗೆ ಅಂದರೆ, ಮೊಟ್ಟೆ ಕದಿಯಲು ಬಂದವರಿಗೆ.

ಮೊದಲ ವರ್ಷ ಹೀಗೆ ಕಾಯುವುದರಲ್ಲೇ ಕಳೆಯಿತು. ಎರಡನೇ ವರ್ಷ ಒಂದು ಬೆಳಗ್ಗೆ ಬಟ್ಟೆ ಹರವುತ್ತಿದ್ದಾಗ ಸ್ಟ್ಯಾಂಡಿನ ಒಳಗಿಂದ ಗುಂಯ್ ಅನ್ನುವ ಸದ್ದು ಬಂತು. ಕಬ್ಬಿಣದ ಕೊಳವೆಯ ತುದಿಗಿದ್ದ ಪ್ಲಾಸ್ಟಿಕ್ ಮುಚ್ಚಳ ಎಂದೋ ಬಿದ್ದುಹೋಗಿತ್ತು, ಹೊಸದು ಹಾಕಬೇಕೆಂದು ನಾನು ಮರೆಯುತ್ತಲೇ ಇದ್ದೆ. ಸ್ವಲ್ಪ ಹೊತ್ತಿಗೆ ಒಳಗಿಂದ ಒಂದು ಜೇನು ಹಿಮ್ಮುಖವಾಗಿ ಹೊರಬಂತು. ಕಪ್ಪು ಮೈ, ದಪ್ಪ ತಲೆ, ಹೊಟ್ಟೆಯ ಅಡಿಯಲ್ಲಿ ಬ್ರಷ್ಷಿನಂಥ ಕೂದಲು. ಹಾರಿಹೋಗಿ ಎರಡು ನಿಮಿಷಕ್ಕೆ ವಾಪಸ್. ಈ ಸಲ ಕಾಲುಗಳ ನಡುವೆ ಚಾಪೆಯಂತೆ ಸುರುಳಿ ಸುತ್ತಿದ ಎಲೆಯ ತುಂಡು. ಅದರೊಂದಿಗೇ ಕೊಳವೆಯೊಳಗೆ ಹೋಯಿತು.

ನನ್ನ ಗುಲಾಬಿ ಗಿಡದ ಎಲೆಗಳ ಅಂಚಿನಲ್ಲಿ ಒಂದು ತಿಂಗಳಿಂದ ಅರ್ಧಚಂದ್ರಾಕಾರದ ಕಚ್ಚುಗಳು ಕಾಣುತ್ತಿದ್ದವು. ಕತ್ತರಿಯಿಂದ ಕತ್ತರಿಸಿದಷ್ಟು ನಯ. ಹುಳದ ಕಾಟವೆಂದು ಬೈದುಕೊಂಡು ಬೇವಿನೆಣ್ಣೆ ಸಿಂಪಡಿಸಿದ್ದೆ. ಕಳ್ಳ ಸಿಕ್ಕಿದ್ದು ಆವತ್ತು. ಎಲೆಕತ್ತರಿಸುವ ಜೇನು ಇದು. ಈ ತುಂಡುಗಳನ್ನು ಒಂದರ ಮೇಲೊಂದು ಅಂಟಿಸಿ ಬೆರಳುಕವಚದಂಥ ಕೋಣೆ ಮಾಡುತ್ತದೆ, ಪರಾಗ ಮತ್ತು ಮಕರಂದ ಕಲಸಿದ ಮುದ್ದೆಯನ್ನು ಅದರೊಳಗಿಟ್ಟು, ಮೇಲೊಂದು ಮೊಟ್ಟೆಯಿಟ್ಟು, ದುಂಡನೆಯ ಎಲೆಬಿಲ್ಲೆಗಳಿಂದ ಬಾಯಿ ಮುಚ್ಚುತ್ತದೆ. ಅದರ ಮುಂದೆ ಇನ್ನೊಂದು ಕೋಣೆ. ಹೆಣ್ಣಾಗುವ ಮೊಟ್ಟೆಗಳು ಕೊಳವೆಯ ಹಿಂಭಾಗಕ್ಕೆ, ಗಂಡಾಗುವವು ಬಾಗಿಲ ಹತ್ತಿರಕ್ಕೆ. ಗಂಡುಗಳು ಮೊದಲು ಹೊರಬರುತ್ತವೆ. ಹಿಂದಿದ್ದವು ಮೊದಲು ಎದ್ದರೆ ದಾರಿ ಕಟ್ಟಿಹೋಗುತ್ತದಲ್ಲ, ಅದಕ್ಕೆ. ಇಷ್ಟೆಲ್ಲ ಲೆಕ್ಕಾಚಾರ ನಮ್ಮ ಬನಿಯನ್ನು, ಟವೆಲ್ಲುಗಳ ಅಡಿಯಲ್ಲಿ ನಡೆಯುತ್ತಿತ್ತು. ಎರಡಡಿ ಆಚೆ ಬೀ ಹೋಟೆಲ್ ಖಾಲಿ.

‘ಸ್ಟ್ಯಾಂಡ್ ಮಡಚಬೇಡಮ್ಮ, ಸ್ವಲ್ಪ ದಿನ’ ಅಂದೆ.

‘ಮತ್ತೆ ಬಟ್ಟೆ?’

‘ಹುಷಾರಾಗಿ ಹರವೋಣ.’

‘ಒಂದು ಹುಳಕ್ಕೆ ಹೆದರಿಕೊಂಡು ಬದುಕೋ ಹಾಗಾಯ್ತಲ್ಲೇ’ ಅಂದಳು. ಆದರೆ ಮಾರನೇ ದಿನದಿಂದ ಆ ತುದಿಯ ಎರಡು ಸಾಲು ಬಿಟ್ಟೇ ಹರವಿದಳು.

ಇದಾದ ಮೇಲೆ ನಾನು ಎರಡು ಪಟ್ಟಿ ಬರೆಯಲು ಶುರುಮಾಡಿದೆ. ಹಳೇ ಡೈರಿಯ ಎಡಗಡೆಯ ಪುಟದಲ್ಲಿ ನಾನು ಬೇಕೆಂದೇ ಇಟ್ಟದ್ದು ಮತ್ತು ಅದಕ್ಕೆ ಯಾರು ಬಂದರು. ಬಲಗಡೆಯಲ್ಲಿ ನಾನು ಮರೆತೋ, ಸೋಮಾರಿತನದಿಂದಲೋ, ಬೇಸರದಿಂದಲೋ ಹಾಗೇ ಬಿಟ್ಟದ್ದು ಮತ್ತು ಅದಕ್ಕೆ ಯಾರು ಬಂದರು. ಎಡಗಡೆಯ ಪುಟ ಬಹುಕಾಲ ಬೆಳ್ಳಗೇ ಇತ್ತು.

ಬಲಗಡೆಯ ಎರಡನೇ ದಾಖಲೆ ಒಂದು ಸತ್ತ ಗಿಡದ ಕುಂಡ. ಗಿಡ ಒಣಗಿದ ಮೇಲೆ ಮಣ್ಣನ್ನು ಸುರಿಯದೆ ಗೋಡೆಯ ಪಕ್ಕಕ್ಕೆ ತಳ್ಳಿದ್ದೆ. ನೀರಿಲ್ಲ, ನೆರಳಿಲ್ಲ, ಮಣ್ಣು ಗಟ್ಟಿಯಾಗಿ ಕೂತಿತ್ತು. ಅದರಲ್ಲಿ ಪೆನ್ಸಿಲ್ ಚುಚ್ಚಿದಂಥ ತೂತುಗಳು ಕಂಡವು, ಪ್ರತಿ ತೂತಿನ ಸುತ್ತ ಪುಡಿಮಣ್ಣಿನ ಸಣ್ಣ ಗುಪ್ಪೆ. ಜೇನು ಅಂದರೆ ನಮಗೆ ತಟ್ಟಿ, ತುಪ್ಪ, ರಾಣಿ, ಸಾವಿರಾರು ಕೆಲಸಗಾರರು ಎಲ್ಲ ನೆನಪಿಗೆ ಬರುತ್ತದೆ. ಲೋಕದಲ್ಲಿ ಜೇನಿನ ಜಾತಿಗಳು ಸುಮಾರು 20,000. ತುಪ್ಪ ಕೂಡಿಡುವ ಜೇನುನೊಣದ ಕುಲದಲ್ಲಿರುವುದು ಬೆರಳೆಣಿಕೆಯಷ್ಟು ಜಾತಿ. ಉಳಿದವುಗಳಲ್ಲಿ ಬಹುಪಾಲು ಒಂಟಿ ತಾಯಂದಿರು. ಒಬ್ಬಳೇ ಗೂಡು ತೋಡಿ, ಒಬ್ಬಳೇ ಬುತ್ತಿ ಕಟ್ಟಿ, ಮಕ್ಕಳ ಮುಖ ನೋಡುವ ಮೊದಲೇ ಸಾಯುವವಳು. ಇವರಲ್ಲಿ ಹೆಚ್ಚಿನವರ ಮನೆ ನೆಲದೊಳಗೆ. ಬರಿಮಣ್ಣು ಕಂಡರೆ ಸಾಕು, ನಾವು ಟೈಲ್ಸ್ ಹಾಕುತ್ತೇವೆ, ಇಲ್ಲವೇ ತೆಂಗಿನ ನಾರು ಹೊದಿಸುತ್ತೇವೆ, ಇಲ್ಲವೇ ಬಿಳಿ ಕಲ್ಲು ಸುರಿಯುತ್ತೇವೆ. ನಾನೂ ಸುರಿದಿದ್ದೆ.

ಸಣ್ಣ ಜಾಗದಲ್ಲಿ ಏನು ಮಹಾ ಆಗುತ್ತದೆ ಎಂದು ಕೇಳುವವರಿಗೆ ಒಂದು ಅಂಕಿ ಹೇಳಬೇಕು. ಜೇನುನೊಣ ಮೇವಿಗಾಗಿ ಕಿಲೋಮೀಟರ್‌ಗಟ್ಟಲೆ ಹೋಗಬಲ್ಲದು. ಈ ಒಂಟಿ ಜೇನುಗಳ ಹಾರಾಟ, ಅಳೆದು ನೋಡಿದವರ ಪ್ರಕಾರ, ಗೂಡಿನಿಂದ ಸುಮಾರು 150ರಿಂದ 600 ಮೀಟರ್. ಅಂದರೆ ಒಂದು ಬೀದಿಯ ಈ ತುದಿಯಿಂದ ಆ ತುದಿ. ಅಷ್ಟರೊಳಗೆ ಗೂಡು, ಹೂವು ಎರಡೂ ಸಿಗಬೇಕು. ದೂರದ ಕಾಡಿನಲ್ಲಿ ಎಷ್ಟು ಹೂವಿದ್ದರೇನು? ನಾಲ್ಕು ಕುಂಡದ ಬೆಲೆ ಆ ಅಳತೆಯಲ್ಲಿ ನೋಡಿದಾಗಲೇ ತಿಳಿಯುವುದು. ಇನ್ನು ಜೇನು ಉಳಿಸುತ್ತೇವೆಂದು ಮಹಡಿಯ ಮೇಲೆ ಜೇನುಪೆಟ್ಟಿಗೆ ತಂದಿಡುವವರ ಬಗ್ಗೆ ನನಗೆ ಸ್ವಲ್ಪ ತಕರಾರಿದೆ. ಹೂವು ಕಡಿಮೆಯಿರುವ ಕಡೆ ಸಾವಿರಾರು ಬಾಯಿ ಒಮ್ಮೆಗೇ ತಂದಿಳಿಸಿದರೆ ಈ ಒಂಟಿ ತಾಯಂದಿರ ಪಾಡೇನು? ಅದು ಹಕ್ಕಿ ಉಳಿಸುತ್ತೇನೆಂದು ಕೋಳಿ ಸಾಕಿದ ಹಾಗೆ.

ಬೀ ಹೋಟೆಲ್ ಯಾಕೆ ಖಾಲಿ ಬಿತ್ತು ಎಂಬುದೂ ನಿಧಾನಕ್ಕೆ ಅರ್ಥವಾಯಿತು. ಬಿದಿರಿನ ತುಂಡುಗಳು ಮೂರೇ ಇಂಚು ಉದ್ದ, ಎರಡೂ ಕಡೆ ಬಾಯಿ. ಒಳಗೆ ಸಿಬಿರು. ಗಾಳಿಗೆ ಓಲಾಡುವಂತೆ ದಾರದಲ್ಲಿ ನೇತುಹಾಕಿದ್ದೆ. ಜೇನಿಗೆ ಬೇಕಾದ್ದು ಇದರ ಉಲ್ಟಾ. ಸುಮಾರು ಆರಿಂಚು ಆಳ, ಹಿಂದೆ ಮುಚ್ಚಿರಬೇಕು, ಒಳಗೆ ನುಣುಪಾಗಿರಬೇಕು, ಬಾಯಿ ಮೂರರಿಂದ ಹತ್ತು ಮಿಲಿಮೀಟರ್‌ವರೆಗೆ ಬೇರೆ ಬೇರೆ ಅಳತೆಯದು, ಬೆಳಗಿನ ಬಿಸಿಲು ಬೀಳಬೇಕು, ಮಳೆ ಬೀಳಬಾರದು, ಅಲ್ಲಾಡಬಾರದು. ಮರಿಗಳು ಹೊರಬಂದ ಮೇಲೆ ಹಳೇ ಕೊಳವೆ ತೆಗೆದು ಹೊಸದು ಹಾಕಬೇಕು, ಇಲ್ಲದಿದ್ದರೆ ನುಸಿ ಮತ್ತು ಬೂಷ್ಟು ಸೇರಿ ಮುಂದಿನ ಸಂಸಾರವನ್ನು ಮುಗಿಸುತ್ತವೆ. ಕೊನೆಗೆ ನಾನೇ ಕಾಗದ ಸುತ್ತಿ ಕೊಳವೆ ಮಾಡಿ, ಹಳೇ ಡಬ್ಬದಲ್ಲಿ ತುಂಬಿ, ಗೋಡೆಗೆ ಬಿಗಿಯಾಗಿ ಕಟ್ಟಿದೆ. ಮೂರನೇ ವರ್ಷದಲ್ಲಿ ಎಡಗಡೆಯ ಪುಟಕ್ಕೆ ಮೊದಲ ಸಾಲು ಬಿತ್ತು.

ಹೂವಿನ ವಿಚಾರದಲ್ಲಿ ನಾನು ಮಾಡಿದ ತಪ್ಪು ಬಣ್ಣಕ್ಕೆ ಮರುಳಾದದ್ದು. ನರ್ಸರಿಯಲ್ಲಿ ಕಣ್ಣಿಗೆ ಮೊದಲು ಬೀಳುವುದು ಎಸಳಿನ ಮೇಲೆ ಎಸಳು ಸುತ್ತಿದ, ಚೆಂಡಿನಂಥ ಹೂವುಗಳು. ಸುತ್ತುದಾಸವಾಳವನ್ನೂ ಐದೆಸಳಿನ ದಾಸವಾಳವನ್ನೂ ಅಕ್ಕಪಕ್ಕ ಇಟ್ಟು ನೋಡಿ. ಸುತ್ತುಹೂವಿನಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರುತ್ತವೆ. ಪರಾಗ ಕಡಿಮೆ, ಮಕರಂದ ಇದ್ದರೂ ಅಲ್ಲಿಗೆ ತಲುಪುವ ದಾರಿಯಿಲ್ಲ. ಹೂವಿಗೂ ಕೀಟಕ್ಕೂ ಇರುವ ಈ ವ್ಯವಹಾರವನ್ನು ಮೊದಲು ಕೂತು, ಬಗ್ಗಿ, ದಿನಗಟ್ಟಲೆ ನೋಡಿ ಬರೆದವನು ಕ್ರಿಸ್ಟಿಯಾನ್ ಸ್ಪ್ರೆಂಗೆಲ್ ಎಂಬ ಜರ್ಮನ್ ಮೇಷ್ಟ್ರು, 1793ರಲ್ಲಿ. ಎಸಳಿನ ಮೇಲಿನ ಗೆರೆಗಳು ಮಕರಂದದ ಕಡೆಗೆ ಕೀಟಕ್ಕೆ ದಾರಿ ತೋರಿಸುತ್ತವೆ ಎಂದು ಆತ ಹೇಳಿದ. ಆ ಕಾಲದ ಪಂಡಿತರು ಕಿವಿಗೆ ಹಾಕಿಕೊಳ್ಳಲಿಲ್ಲ. ಆ ದಾರಿಯ ಮೇಲೆ ನಾವೀಗ ಎಸಳಿನ ಪರದೆ ಎಳೆದಿದ್ದೇವೆ.

ಎರಡನೇ ತಪ್ಪು, ಬಗೆಬಗೆಯ ಗಿಡ ಒಂದೊಂದೇ ತಂದದ್ದು. ಹನ್ನೆರಡು ಕುಂಡ, ಹನ್ನೆರಡು ಜಾತಿ. ಜೇನುನೊಣ ಒಂದು ಸುತ್ತು ಹೊರಟರೆ ಒಂದೇ ಬಗೆಯ ಹೂವಿಗೆ ಅಂಟಿಕೊಳ್ಳುತ್ತದೆ. ಅರಿಸ್ಟಾಟಲ್ ಕೂಡ ಇದನ್ನು ಗಮನಿಸಿದ್ದ. ಹಾಗಾಗಿ ಒಂಟಿ ಕುಂಡದ ಒಂಟಿ ಹೂವು ಅದಕ್ಕೆ ಲಾಭದ ಬಾಬ್ತಲ್ಲ. ಈಗ ನನ್ನಲ್ಲಿ ನಾಲ್ಕೈದು ಜಾತಿ ಮಾತ್ರ, ಒಂದೊಂದೂ ಮೂರು ನಾಲ್ಕು ಕುಂಡ, ಒಟ್ಟೊಟ್ಟಿಗೆ. ಒಂದು ಮುಗಿಯುವಾಗ ಇನ್ನೊಂದು ಅರಳುವಂತೆ ನೋಡಿಕೊಂಡರೆ ಆಯಿತು. ಕೆಂಪು ಕೊಳವೆಹೂವು ಹಕ್ಕಿಗೆ. ಜೇನಿನ ಕಣ್ಣಿಗೆ ಕೆಂಪು ಕಾಣುವುದಿಲ್ಲ, ಬದಲಿಗೆ ನಮಗೆ ಕಾಣದ ಅತಿನೇರಳೆ ಕಾಣುತ್ತದೆ.

ಇವೆಲ್ಲದರಲ್ಲಿ ಗೆದ್ದದ್ದು ಯಾವುದು ಗೊತ್ತೇ? ಕಾಮಕಸ್ತೂರಿ. ಎಲೆ ಹೆಚ್ಚು ಬರಲಿ ಎಂದು ಅದರ ತೆನೆ ಚಿವುಟುತ್ತಿರಬೇಕು ಅನ್ನುತ್ತಾರೆ. ಒಂದು ಸಲ ಊರಿಗೆ ಹೋಗಿ ಬರುವಷ್ಟರಲ್ಲಿ ಮೂರೂ ಕುಂಡ ತೆನೆ ಬಿಟ್ಟು ಬಿಳಿಹೂವು ತುಂಬಿಕೊಂಡಿದ್ದವು. ಬಾಗಿಲು ತೆಗೆದರೆ ಬಾಲ್ಕನಿಯೇ ಝೇಂಕರಿಸುತ್ತಿತ್ತು. ಬಲಗಡೆಯ ಪುಟದಲ್ಲಿ ಆವತ್ತು ಬರೆದದ್ದು ಏಳು ಸಾಲು.

ಅವುಗಳಲ್ಲೊಂದು, ಹೊಟ್ಟೆಯ ಮೇಲೆ ಹೊಳೆಯುವ ನೀಲಿ ಪಟ್ಟಿಗಳಿರುವ ಜೇನು. ಒಂದು ಕಡೆ ನಿಲ್ಲದು. ಹೂವಿನ ಮುಂದೆ ಗಾಳಿಯಲ್ಲಿ ತಡೆದು, ಸರ್‍ರನೆ ಪಕ್ಕಕ್ಕೆ ಜಾರಿ, ಮತ್ತೆ ತಡೆದು ಹೋಗುವ ಹಾರಾಟ. ಪಕ್ಕದ ಬದನೆ ಗಿಡದ ಹೂವಿಗೆ ಹೋದಾಗ ಅದರ ದನಿಯೇ ಬದಲಾಗುತ್ತದೆ. ಬದನೆ, ಟೊಮ್ಯಾಟೊ ಹೂವುಗಳ ಪರಾಗ ಉಪ್ಪಿನ ಡಬ್ಬಿಯಂತೆ ತುದಿಯಲ್ಲಿ ಸಣ್ಣ ತೂತಿರುವ ಕೊಳವೆಯೊಳಗಿರುತ್ತದೆ. ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ಈ ಜೇನು ಹೂವನ್ನು ಅವುಚಿಕೊಂಡು, ರೆಕ್ಕೆ ಬಡಿಯದೆ ರೆಕ್ಕೆಯ ಸ್ನಾಯುಗಳನ್ನು ಮಾತ್ರ ನಡುಗಿಸುತ್ತದೆ. ಝ್ಜೀ ಎಂದು ಎತ್ತರದ ಶ್ರುತಿ, ಅರೆಕ್ಷಣ. ಹಳದಿ ಪುಡಿ ಅದರ ಎದೆಯ ಮೇಲೆ ಸುರಿಯುತ್ತದೆ. ತುಪ್ಪದ ಜೇನುನೊಣಕ್ಕೆ ಈ ವಿದ್ಯೆ ಬಾರದು. ಗಾಜುಮನೆಯಲ್ಲಿ ಟೊಮ್ಯಾಟೊ ಬೆಳೆಯುವವರು ಹಿಂದೆ ಕಡ್ಡಿ ಹಿಡಿದು ಒಂದೊಂದೇ ಗೊಂಚಲು ಅಲುಗಿಸುತ್ತಿದ್ದರು. 1980ರ ದಶಕದ ಕೊನೆಯಲ್ಲಿ ಬಂಬಲ್‌ಬೀ ಜೇನುಗಳನ್ನು ಪೆಟ್ಟಿಗೆಯಲ್ಲಿ ಸಾಕಿ ಮಾರುವುದು ಶುರುವಾದ ಮೇಲೆ ಆ ಕಷ್ಟ ತಪ್ಪಿತು. ನನ್ನ ಒಂದೇ ಬದನೆ ಗಿಡಕ್ಕೆ ಪುಕ್ಕಟೆ ಕೆಲಸಗಾರ ಸಿಕ್ಕಿದ್ದ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಚೆಂದದ ಭಾಗ.

ನಿಂಬೆ ಗಿಡ ತಂದದ್ದು ಚಿಟ್ಟೆಗೆಂದೇ. ಮಕರಂದಕ್ಕೆ ಬರುವ ಚಿಟ್ಟೆ ಕುಡಿದು ಹೋಗುತ್ತದೆ, ಉಳಿಯಬೇಕಾದರೆ ಮೊಟ್ಟೆಯಿಡಲು ಗಿಡ ಬೇಕು. ಒಂದೊಂದು ಚಿಟ್ಟೆಗೂ ಅದರದೇ ಗಿಡ, ಬೇರೆ ಎಲೆ ಮರಿ ಮುಟ್ಟದು. ಎಕ್ಕದ ಜಾತಿಗೆ ಒಂದು ಬಗೆಯವು, ನಿಂಬೆ, ಕರಿಬೇವಿಗೆ ಇನ್ನೊಂದು. ನರ್ಸರಿಯಿಂದ ಹಸಿರಾಗಿ ಹೊಳೆಯುವ ಗಿಡ ತಂದು ಇಟ್ಟ ಎರಡೇ ವಾರಕ್ಕೆ ಚಿಟ್ಟೆ ಬಂತು, ಚಿಗುರಿನ ಮೇಲೆ ಹೊಟ್ಟೆ ಬಗ್ಗಿಸಿ ಸಾಸಿವೆಗಿಂತ ಚಿಕ್ಕ ಮೊಟ್ಟೆ ಇಟ್ಟುಹೋಯಿತು. ಮರಿಗಳು ಹೊರಬಂದವು. ಮೂರನೇ ದಿನ ನೋಡಿದರೆ ಎಲೆಯ ಮೇಲೆ ನೇತುಬಿದ್ದಿವೆ, ದಾರದಂತೆ ಸಡಿಲ. ಆರಕ್ಕೆ ಆರೂ.

ಗಿಡದ ಮೈಯೊಳಗೇ ವಿಷವಿತ್ತೆಂದು ನಾನು ಸಾಬೀತು ಮಾಡಲಾರೆ. ಆದರೆ ಬ್ರಿಟನ್ನಿನಲ್ಲಿ ಸಸೆಕ್ಸ್ ವಿಶ್ವವಿದ್ಯಾಲಯದವರು ಅಂಗಡಿಗಳಿಂದ ಅಲಂಕಾರದ ಗಿಡಗಳನ್ನು ತಂದು ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ವರದಿಯನ್ನು ಆಮೇಲೆ ಓದಿದೆ. ಅವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಗಿಡಗಳಲ್ಲಿ ನಿಯೋನಿಕೊಟಿನಾಯ್ಡ್ ಕೀಟನಾಶಕ ಇತ್ತು. ಜೇನಿಗೆ ಒಳ್ಳೆಯದೆಂದು ಚೀಟಿ ಅಂಟಿಸಿಕೊಂಡಿದ್ದ ಗಿಡಗಳೂ ಅದರಲ್ಲಿದ್ದವು. ಈ ಬಗೆಯ ವಿಷ ಎಲೆಯ ಮೇಲೆ ಕೂರುವುದಲ್ಲ, ಬೇರಿನಿಂದ ಹೀರಿಕೊಂಡು ಎಲೆ, ಪರಾಗ, ಮಕರಂದ ಎಲ್ಲಕ್ಕೂ ಹರಡುತ್ತದೆ, ತೊಳೆದರೆ ಹೋಗದು. ಯುರೋಪಿಯನ್ ಒಕ್ಕೂಟ ಇಂಥ ಮೂರು ಕೀಟನಾಶಕಗಳನ್ನು ಬಯಲಿನಲ್ಲಿ ಬಳಸುವುದನ್ನು 2018ರಲ್ಲಿ ನಿಷೇಧಿಸಿತು. ಬೇವಿನೆಣ್ಣೆಯನ್ನೂ ನಾನು ಅಂದಿನಿಂದ ನಿಲ್ಲಿಸಿದೆ. ಗಿಡಹೇನು ಹೆಚ್ಚಾದರೆ ನೀರಿನ ರಭಸಕ್ಕೆ ತೊಳೆಯುತ್ತೇನೆ, ಇಲ್ಲವಾದರೆ ಗುಲಗಂಜಿ ಹುಳದ ಮರಿಗಳಿಗೆ ಬಿಟ್ಟುಕೊಡುತ್ತೇನೆ.

ಆ ಗಿಡ ತೆಗೆದು, ನಿಂಬೆ ಬೀಜವನ್ನೇ ನೆಟ್ಟೆ. ಬೀಜದ ಗಿಡ ಹಣ್ಣು ಬಿಡಲು ವರ್ಷಗಳು ಬೇಕು. ಚಿಟ್ಟೆಗೆ ಹಣ್ಣು ಬೇಡವಲ್ಲ! ಗೇಣುದ್ದದ ಗಿಡಕ್ಕೇ ಬಂತು. ಮೊದಲು ಹಕ್ಕಿಹಿಕ್ಕೆಯಂತೆ ಕಂದು ಬಿಳಿ ಮಿಶ್ರಿತ ಮರಿ. ಯಾರೂ ಮುಟ್ಟಬಾರದೆಂಬ ವೇಷ. ನಾಲ್ಕು ಬಾರಿ ಪೊರೆ ಕಳಚಿ ಕೊನೆಗೆ ಎಲೆಹಸಿರು. ಬೆರಳು ತಾಗಿಸಿದರೆ ತಲೆಯ ಹಿಂದಿನಿಂದ ಕವಲೊಡೆದ ಕೆಂಪು ಕೊಂಬು ಹೊರಚಾಚಿ ಘಾಟು ವಾಸನೆ ಬಿಡುತ್ತದೆ. ಐದು ಮರಿಗಳು ಸೇರಿ ಗಿಡವನ್ನು ಬರೀ ಕಡ್ಡಿ ಮಾಡಿದವು.

‘ಗಿಡ ಸಾಕ್ತಿದ್ದೀಯೋ ಹುಳ ಸಾಕ್ತಿದ್ದೀಯೋ?’ ಅಮ್ಮ ಕೇಳಿದಳು.

ಹುಳವೇ ಅಂದೆ. ಮತ್ತೆ ಚಿಗುರುತ್ತೆ ಬಿಡಮ್ಮ ಅಂದೆ. ಚಿಗುರಿತು ಕೂಡ.

ಐದರಲ್ಲಿ ಮೂರು ಕೋಶ ಕಟ್ಟಿದವು, ನಡುವಿಗೊಂದು ರೇಷ್ಮೆಯ ಎಳೆ ಬಿಗಿದು ಕಡ್ಡಿಗೆ ಒರಗಿ ನಿಂತಂತೆ. ಮೊದಲನೆಯದರಿಂದ ಚಿಟ್ಟೆ ಬಂತು. ಎರಡನೆಯದು ದಿನ ಕಳೆದಂತೆ ಕಂದಾಯಿತು. ಒಂದು ಮಧ್ಯಾಹ್ನ ಅದರ ಪಕ್ಕೆಯಲ್ಲಿ ಸೂಜಿ ಚುಚ್ಚಿದಷ್ಟು ತೂತು, ಅದರಿಂದ ಎಳ್ಳಿಗಿಂತ ಸಣ್ಣ, ಲೋಹದಂತೆ ಹೊಳೆಯುವ ಕಣಜಗಳು ಒಂದರ ಹಿಂದೊಂದು ಹೊರಬರುತ್ತಿದ್ದವು. ನಲವತ್ತರವರೆಗೆ ಎಣಿಸಿ ಬಿಟ್ಟೆ. ಕೋಶ ಇನ್ನೂ ಮೆತ್ತಗಿದ್ದಾಗಲೇ ತಾಯಿ ಕಣಜ ಅದರೊಳಗೆ ಮೊಟ್ಟೆಯಿಟ್ಟಿತ್ತು, ಮರಿಗಳು ಒಳಗಿನಿಂದಲೇ ತಿಂದು ಬೆಳೆದಿದ್ದವು. ನನಗೆ ಹೊಟ್ಟೆ ತೊಳೆಸಿದಂತಾಯಿತು. ಆ ಕ್ಷಣಕ್ಕೆ ಕೈ ಸ್ಪ್ರೇ ಬಾಟಲಿಯ ಕಡೆಗೇ ಹೋಯಿತು ಎಂದು ಒಪ್ಪಿಕೊಳ್ಳುತ್ತೇನೆ.

ಆ ಕಣಜಗಳನ್ನು ಯಾವ ಪುಟದಲ್ಲಿ ಬರೆಯಬೇಕೆಂದು ಎರಡು ದಿನ ತೋಚಲಿಲ್ಲ. ಆಮೇಲೆ ಜೆನಿಫರ್ ಓವೆನ್ ನೆನಪಾದರು. ಇಂಗ್ಲೆಂಡಿನ ಲೆಸ್ಟರ್ ನಗರದ ಈ ಪ್ರಾಣಿಶಾಸ್ತ್ರಜ್ಞೆ 1972ರಿಂದ 2001ರವರೆಗೆ, ಮೂವತ್ತು ವರ್ಷ, ತಮ್ಮ ಮನೆಯ ತೋಟಕ್ಕೆ ಬಂದದ್ದನ್ನೆಲ್ಲ ಲೆಕ್ಕವಿಟ್ಟರು. ಕಾಡು ತೋಟವಲ್ಲ, ಹುಲ್ಲು, ಹೂವು, ತರಕಾರಿ ಇರುವ ಸಾಮಾನ್ಯ ಹಿತ್ತಲು, ಒಟ್ಟು 741 ಚದರ ಮೀಟರ್. ಸಿಕ್ಕ ಜಾತಿಗಳು 2,673. ಅದರಲ್ಲಿ ಕೀಟಗಳೇ 1,997. ಹಕ್ಕಿಗಳು ಬರೀ 54. ಆ ಕೀಟಗಳಲ್ಲಿ ದೊಡ್ಡ ಪಾಲು ಇಂಥ ಪರಾವಲಂಬಿ ಕಣಜಗಳದ್ದು, ಕೆಲವು ಬ್ರಿಟನ್ನಿನಲ್ಲಿ ಅದುವರೆಗೆ ಯಾರೂ ನೋಡಿರದಂಥವು. ಅವರು ಅವುಗಳನ್ನು ಹಕ್ಕಿಗಳಷ್ಟೇ ಪ್ರೀತಿಯಿಂದ ಪಟ್ಟಿ ಮಾಡಿದ್ದರು. ನಾನು ಕರೆದದ್ದು ಚಿಟ್ಟೆಯನ್ನು. ಚಿಟ್ಟೆ ಬರುವಾಗ ತನ್ನ ಶತ್ರುವನ್ನೂ ಕರೆತರುತ್ತದೆ, ಬಾಗಿಲಲ್ಲಿ ನಿಂತು ಇವರಿಗೆ ಮಾತ್ರ ಪ್ರವೇಶ ಎನ್ನುವ ಅಧಿಕಾರ ನನಗೆಲ್ಲಿಂದ ಬಂತು? ಬಲಗಡೆಯ ಪುಟದಲ್ಲೇ ಬರೆದೆ. ಮನಸ್ಸಿಲ್ಲದ ಮನಸ್ಸಿನಿಂದ.

ಹಕ್ಕಿಗಳಿಗೆ ಹುಳ ಬೇಕು ಎಂಬ ಲೆಕ್ಕವೂ ಇದರ ಜೊತೆಗೇ ಬರುತ್ತದೆ. ಉತ್ತರ ಅಮೆರಿಕದ ಚಿಕಡೀ ಎಂಬ ಹಿಡಿಗಾತ್ರದ ಹಕ್ಕಿ ಒಂದು ಸೂಲಿನ ಮರಿಗಳನ್ನು ದೊಡ್ಡ ಮಾಡಲು 6,000ದಿಂದ 9,000 ಕಂಬಳಿಹುಳುಗಳನ್ನು ತರುತ್ತದೆಂದು ಎಣಿಸಿದ್ದಾರೆ. ಕಾಳು ತಿನ್ನುವ, ಮಕರಂದ ಕುಡಿಯುವ ಹಕ್ಕಿಗಳೂ ಬಹುಪಾಲು ಮರಿಗಳಿಗೆ ಹುಳವನ್ನೇ ಉಣಿಸುತ್ತವೆ. ತೂತಿಲ್ಲದ ಎಲೆಗಳ ತೋಟ ಹಕ್ಕಿಗೆ ಖಾಲಿ ಪಾತ್ರೆ. ನನ್ನ ಫೀಡರಿಗೆ ಬಂದದ್ದು ಪಾರಿವಾಳ, ಪಾರಿವಾಳ, ಮತ್ತೂ ಪಾರಿವಾಳ. ಉದುರಿದ ಕಾಳು ಕೆಳಮನೆಯವರ ಕಿಟಕಿಯ ಮೇಲೆ. ಅವರು ಮೇಲೆ ಬಂದು, ‘ನೋಡಿ ಮೇಡಂ, ನಿಮ್ಮ ಹಕ್ಕಿಪ್ರೇಮಕ್ಕೆ ನಮ್ಮ ಅಭ್ಯಂತರ ಇಲ್ಲ, ಆದ್ರೆ ಇಲಿ ಬರ್ತಿವೆ’ ಅಂದರು. ನ್ಯಾಯವಾದ ಮಾತು. ಒದ್ದೆಯಾದ ಕಾಳು, ತೊಳೆಯದ ಫೀಡರ್ ಹಕ್ಕಿಗಳಿಗೂ ಅಪಾಯವೇ. ಬ್ರಿಟನ್ನಿನಲ್ಲಿ 2005ರ ನಂತರ ಗ್ರೀನ್‌ಫಿಂಚ್ ಹಕ್ಕಿಗಳ ಸಂಖ್ಯೆ ಕುಸಿಯಲು ಕಾರಣವಾದ ಗಂಟಲುರೋಗ ಹರಡಿದ್ದು ಮುಖ್ಯವಾಗಿ ಹಕ್ಕಿಗಳು ಗುಂಪುಗೂಡುವ ಇಂಥ ತಾಣಗಳಲ್ಲೇ. ಫೀಡರ್ ಇಳಿಸಿದೆ.

ಇಳಿಸಿದ ವರ್ಷವೇ ಸೂರಕ್ಕಿ ಬಂತು. ನಾವು ಬಳಸದೆ ಬಿಟ್ಟಿದ್ದ ಹಳೇ ಕೇಬಲ್ಲಿನ ತುಂಡಿಗೆ ಹೆಣ್ಣು ಗೂಡು ನೇಯತೊಡಗಿತು. ಅದರ ಗಾರೆ ಏನು ಗೊತ್ತೇ, ಜೇಡರ ಬಲೆ. ಛಾವಣಿಯ ಮೂಲೆಗೆ ಹಾರಿ, ಗಾಳಿಯಲ್ಲೇ ನಿಂತು, ಕೊಕ್ಕಿನಿಂದ ಬಲೆ ಸುತ್ತಿಕೊಂಡು, ತಂದು ಎಳೆಎಳೆಯಾಗಿ ಹಚ್ಚುತ್ತಿತ್ತು. ಮೇಲೆ ತೊಗಟೆಯ ಚೂರು, ಹುಳದ ಹಿಕ್ಕೆ, ಒಣಎಸಳು. ಗೂಡಲ್ಲ, ಕಸ ಸಿಕ್ಕಿಕೊಂಡಿದೆ ಎನಿಸುವ ಹಾಗೆ. ಅಮ್ಮ ಉದ್ದಕೋಲಿನ ಪೊರಕೆ ಹಿಡಿದು ಬಂದವಳು ಬಾಗಿಲಲ್ಲೇ ನಿಂತಳು. ಬಹಳ ಹೊತ್ತು ನೋಡಿದಳು. ‘ಒಂದು ಮೂಲೆ ಗುಡಿಸಲ್ಲ, ಬಿಡು’ ಅಂದಳು. ಚಿಟ್ಟೆಯ ಡಬ್ಬದಲ್ಲಿದ್ದ ಜೇಡದ ಬಲೆಯೂ ಆ ಗೂಡಿಗೆ ಸೇರಿತು. ಆ ಡಬ್ಬಕ್ಕೂ ಒಂದು ಸಾರ್ಥಕ್ಯ.

ಹಾಗೆಂದು ಕೈಕಟ್ಟಿ ಕೂತರೆ ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆನಲ್ಲ, ಅದು ಒಂದೇ ಬೆಳಗ್ಗೆಗೆ ಮುರಿಯಿತು. ಗಿಡ ಹೆಚ್ಚಾದಂತೆ ಹಕ್ಕಿ ಹೆಚ್ಚಾದವು, ಗಿಡಗಳ ಹಿಂದೆಯೇ ದೊಡ್ಡ ಗಾಜಿನ ಬಾಗಿಲು. ಅದರಲ್ಲಿ ಆಕಾಶ, ಎದುರಿನ ಮರ ಎಲ್ಲ ಕಾಣುತ್ತದೆ. ಧಡ್ ಎಂದು ಸದ್ದಾಗಿ ಹೊರಗೆ ಬಂದರೆ ಕುಂಡಗಳ ನಡುವೆ ಪಿಕಳಾರ. ಕೈಗೆತ್ತಿಕೊಂಡೆ. ಬಿಸಿಯಿತ್ತು. ಕಣ್ಣು ಅರ್ಧ ಮುಚ್ಚಿತ್ತು. ಕತ್ತು ಬೆರಳಿನ ಮೇಲೆ ಅತ್ತಿತ್ತ ಹೊರಳಿತು. ಇಷ್ಟು ಹಗುರವೇ ಎನಿಸಿತು, ಇಷ್ಟೊಂದು ಗದ್ದಲ ಮಾಡುವ ಹಕ್ಕಿ. ಅಮೆರಿಕ ಒಂದರಲ್ಲೇ ವರ್ಷಕ್ಕೆ 36 ಕೋಟಿಯಿಂದ 99 ಕೋಟಿಯಷ್ಟು ಹಕ್ಕಿಗಳು ಗಾಜಿಗೆ ಬಡಿದು ಸಾಯುತ್ತವೆಂದು 2014ರ ಒಂದು ಅಂದಾಜು. ಆ ಅಂಕಿಗಿಂತ ನನ್ನ ಅಂಗೈಯ ಭಾರ ಹೆಚ್ಚು ಕಾಡಿತು, ಯಾಕೆಂದರೆ ಅದನ್ನು ಅಲ್ಲಿಗೆ ಕರೆದವಳು ನಾನು. ಗಿಡುಗದ ಚಿತ್ರದ ಒಂದೆರಡು ಸ್ಟಿಕರ್ ಸಾಲದು, ಹಕ್ಕಿ ಅದರ ಪಕ್ಕದಲ್ಲೇ ನುಗ್ಗುತ್ತದೆ. ಗಾಜಿನ ಹೊರಮೈಗೆ, ಪೂರ್ತಿ, ಎರಡೆರಡು ಇಂಚಿಗೆ ಒಂದು ಬಿಳಿಚುಕ್ಕೆ ಇಡಬೇಕು. ಎರಡು ಭಾನುವಾರ ಹಿಡಿಯಿತು. ಬಂದವರು ‘ಇದೇನು ಡಿಸೈನ್?’ ಎಂದು ಕೇಳುತ್ತಾರೆ. ಆಮೇಲೆ ಒಂದೂ ಬಡಿದಿಲ್ಲ.

ನೀರೂ ಬಿಟ್ಟುಬಿಡುವಂಥದ್ದಲ್ಲ. ಅಗಲವಾದ ಮಣ್ಣಿನ ತಟ್ಟೆ, ಒಂದಿಂಚು ನೀರು, ಜೇನು ಕೂತು ಕುಡಿಯಲು ನಡುವೆ ಬೆಣಚುಕಲ್ಲು. ಎರಡು ದಿನಕ್ಕೊಮ್ಮೆ ಚೆಲ್ಲಿ, ಉಜ್ಜಿ, ಹೊಸ ನೀರು. ಬಿಸಿ ದಿನಗಳಲ್ಲಿ ಸೊಳ್ಳೆ ಮೊಟ್ಟೆಯಿಂದ ರೆಕ್ಕೆಯವರೆಗೆ ಬೆಳೆಯಲು ವಾರದಿಂದ ಹತ್ತು ದಿನ ಸಾಕು. ಚೆಲ್ಲಿದ ನೀರು ಬೀಳುವ ಮೂಲೆಯ ಕೆಸರಿಗೆ ಚಿಟ್ಟೆಗಳು ಬರುತ್ತವೆ, ಹೆಚ್ಚಾಗಿ ಗಂಡುಗಳು, ಮಣ್ಣಿನ ಲವಣ ಹೀರಲು. ಅದನ್ನು ಯಾವ ಪುಟಕ್ಕೆ ಬರೆಯುವುದು? ನೀರು ಇಟ್ಟದ್ದು, ಕೆಸರು ಬಿಟ್ಟದ್ದು.

ರಾತ್ರಿ ದೀಪ ಆರಿಸುವುದು ಮಾತ್ರ ಎಲ್ಲಕ್ಕಿಂತ ಸುಲಭದ ಕೆಲಸ, ಯಾರೂ ಹೇಳಿಕೊಡದ ಕೆಲಸ. ಸ್ವಿಟ್ಜರ್‌ಲ್ಯಾಂಡಿನ ಹುಲ್ಲುಗಾವಲುಗಳಲ್ಲಿ ಬೀದಿದೀಪ ನೆಟ್ಟು ನೋಡಿದ 2017ರ ಅಧ್ಯಯನದಲ್ಲಿ, ಬೆಳಕಿದ್ದ ಕಡೆ ಹೂವಿಗೆ ರಾತ್ರಿ ಬರುವ ಕೀಟಗಳ ಭೇಟಿ ನೂರಕ್ಕೆ 62ರಷ್ಟು ಕಡಿಮೆಯಾಗಿತ್ತು. ನಮ್ಮ ಬಾಲ್ಕನಿಯ ದೀಪ ಈಗ ಬೇಕಾದಾಗ ಮಾತ್ರ. ಕತ್ತಲಲ್ಲಿ ಮಲ್ಲಿಗೆಯ ಮೇಲೆ ಪತಂಗಗಳ ರೆಕ್ಕೆ ಸದ್ದು ಕೇಳಲು ನಾಲ್ಕು ದಿನ ಬೇಕಾಯಿತು, ಕಿವಿ ಅದಕ್ಕೆ ಹೊಂದಿಕೊಳ್ಳಬೇಕು.

ಮೊನ್ನೆ ಕಾಮಕಸ್ತೂರಿಯ ಒಣಗಿದ ಕಡ್ಡಿಗಳನ್ನು ಕಿತ್ತು ಹೊಸ ಬೀಜ ಹಾಕೋಣವೆಂದು ಸಂಜೆ ಕತ್ತರಿ ತಗೊಂಡು ಹೋದೆ. ಹೊತ್ತು ಮುಳುಗುತ್ತಿತ್ತು. ಒಂದು ಕಡ್ಡಿಯ ಮೇಲೆ ಏನೋ ಸಾಲಾಗಿ ಅಂಟಿಕೊಂಡಂತೆ ಕಂಡಿತು. ನೀಲಿಪಟ್ಟಿಯ ಜೇನುಗಳು. ಇವುಗಳಲ್ಲಿ ಗಂಡುಗಳಿಗೆ ಮನೆಯಿಲ್ಲ. ರಾತ್ರಿ ಒಣಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಕಾಲು ಮಡಚಿಕೊಂಡು, ಹಾಗೇ ನಿದ್ದೆ ಮಾಡುತ್ತವೆ. ಆರು ಇದ್ದವು. ಏಳನೆಯದು ಬಂದು, ಜಾಗ ಸಾಲದೆ, ಪಕ್ಕದವನನ್ನು ಕಾಲಿನಿಂದ ನೂಕಿತು. ಅವನು ಕಚ್ಚಿದ್ದನ್ನು ಬಿಡದೆ ಸ್ವಲ್ಪ ಸರಿದ.

ಅಮ್ಮ ಒಳಗಿನಿಂದ ಕೂಗಿದಳು, ‘ದೀಪ ಹಾಕ್ಲೇನೇ? ಕತ್ತಲಲ್ಲಿ ಏನು ಕತ್ತರಿಸ್ತೀಯ?’

‘ಬೇಡಮ್ಮ’ ಅಂದೆ. ಕತ್ತರಿಯನ್ನು ಕುಂಡದ ಅಂಚಿಗೆ ಇಟ್ಟು ಒಳಗೆ ಬಂದೆ. ಅದಿನ್ನೂ ಅಲ್ಲೇ ಇದೆ.